ಸೊಸಿ ಬಾಯಾಗ ಬಂದ ಹೆಸರು

ಮೊನ್ನೆ ಮುಂಜಾನೆ ನಮ್ಮ ಓಣ್ಯಾಗ ಯಾರೋ ಗಂಜಿ ಕುದಿಸಿದ್ರು. ಕುಡಿಯೂ ಗಂಜಿ ಅಲ್ಲ, ನೂಲಿಗೆ ಹಚ್ಚೂ ಗಂಜಿ. ಬೆಟಗೇರಿ ನೇಕಾರ ಓಣ್ಯಾಗ ಬಾಳೇವು ಮಾಡಿದವರಿಗೆ ಆ ವಾಸನಿ ಗೊತ್ತು. ಒಂದಿಷ್ಟು ಹುಳಿ, ಒಂದಿಷ್ಟು ಅನ್ನ ತಳ ಹತ್ತಿದಂಗ. ಈಗ ಕೈಮಗ್ಗದ ಸಪ್ಪಳನ ಕಡಿಮಿ ಆಗೇತಿ, ಗಂಜಿ ಕುದಿಸವರು ಎಲ್ಲಿ ಸಿಗ್ತಾರ. ನಾನು ಅಂಗಳದ ಕಸಾ ಹೊಡಿಯಾಕಹತ್ತಿದ್ದೆ. ವಾಸನಿ ಮೂಗಿಗೆ ಬಡದದ್ದ ತಡ, ಕೈಯಾಗಿನ ಕಸಬರಿಗಿ ಹಂಗ ನಿಂತು ಬಿಡ್ತು. ಒಂಬತ್ತು ವರ್ಷದ ಹಿಂದಿನ ಶ್ರಾವಣ ಎದ್ದು ಬಂದು ನನ್ನ ಎದುರಿಗೆ ನಿಂತಂಗ ಆತು.

ನಾನು ನಾಕನೇ ಇಯತ್ತಿ ಮಟ ಕಲ್ತಾಕಿ. ಬರಿಯೂದಂದ್ರ ಸಂತಿ ಸಾಮಾನಿನ ಹೆಸರು ಬರದದ್ದು, ಅಷ್ಟ. ಆ ಶ್ರಾವಣದ್ದು ಬರಿ ಅಂತ ಮೊಮ್ಮಗಳು ಬೆನ್ನಿಗೆ ಬಿದ್ಲು. "ಆಯಿ, ನೀ ಮಾತಾಡಿದಂಗ ಬರಿ. ತಪ್ಪಿದ್ರ ನಾ ತಿದ್ದತೇನಿ" ಅಂದ್ಲು. ಅಕಿ ಹೇಳಿದ ಮ್ಯಾಲೆ ನಾ ಒಲ್ಲೆ ಅನ್ನಾಕ ಬರೂದಿಲ್ಲ. ಈಗ ಅಕಿನ್ನ ನೋಡಿದ್ರ ನನಗ ಹಿಗ್ಗು ತಡಿಯಾಕ ಆಗವಲ್ದು. ಅಕ್ಷರ ಡೊಂಕ ಆದ್ರ ಆಗವಲ್ದ್ಯಾಕ.

ಅಕಿ ಹೆಸರು ಮಾತ್ರ ಬರಿಯೂಹಂಗಿಲ್ಲ. ಇಂಥಾ ಕೇಸಿನ್ಯಾಗ ಹುಡುಗಿ ಹೆಸರು ಎಲ್ಲೂ ಹೊರಗ ಬರಬಾರ್ದು ಅಂತ ಕಾಯ್ದೆ ಐತಿ. ಮನ್ಯಾಗ ಎಲ್ಲಾರೂ ಅಕಿನ್ನ ಗುಬ್ಬಿ ಅಂತಿದ್ವಿ, ಇಲ್ಲೂ ಗುಬ್ಬಿ ಅಂತನ ಬರೀತೇನಿ. ಇನ್ನ ನನ್ನ ಹೆಸರರ ಬರಿಯೋಣು ಅಂದ್ರ ಅದೂ ಆಗೂದಿಲ್ಲ, ಯಾಕಂದ್ರ ನನ್ನ ಹೆಸರ ಅಕಿಗೆ ಇಟ್ಟಾರ. ಮಗನ ಮೊದಲನೇ ಮಗಳಿಗೆ ಆಯಿ ಹೆಸರು ಇಡೂದು ನಮ್ಮ ಮನಿ ಪದ್ಧತಿ. ತೊಟ್ಟಲದಾಗ ಹಾಕಿ ಕಿವ್ಯಾಗ ನನ್ನ ಹೆಸರು ಊದಿದ ದಿನಾ ನಾ ಉಂಡಿದ್ದಿಲ್ಲ, ಹೊಟ್ಟಿ ಅಷ್ಟು ತುಂಬಿತ್ತು. ಆದ್ರ ಸೊಸಿ ಆದಾಕಿ ಅತ್ತಿ ಹೆಸರು ಬಾಯಾಗ ಹಿಡಿಯೂಹಂಗಿಲ್ಲ. ಅದಕ್ಕ ನನ್ನ ಸೊಸಿ ಕಸ್ತೂರಿ, ಹಡದ ಮಗಳನ್ನ ಹೆಸರು ಹಿಡದು ಕರಿಯಾಕ ಬರದ, ಗುಬ್ಬಿ ಗುಬ್ಬಿ ಅಂತ ರೂಢಿ ಮಾಡಿದ್ಲು. ದೊಡ್ಡ ಹೆಸರು ಶಾಲಿಗೆ ಮಾತ್ರ. ಮನ್ಯಾಗ ಅದನ್ನ ಯಾರೂ ಅಂದದ್ದಿಲ್ಲ.

ಆಗ ನಮ್ಮ ಮನ್ಯಾಗ ಎರಡು ಮಗ್ಗ ಇದ್ವು. ಒಂದರಾಗ ನನ್ನ ಮಗ ಈರಣ್ಣ ಕುಂಡರತಿದ್ದ. ಇನ್ನೊಂದರಾಗ ನನ್ನ ತಮ್ಮನ ಮಗ. ಅವನ ಹೆಸರೂ ಬರಿಯೂದಿಲ್ಲ. ಅದಕ್ಕ ಕಾಯ್ದೆ ಬೇಕಾಗಿಲ್ಲ, ನನಗ ಮನಸಿಲ್ಲ. ಮುಳಗುಂದದಾಗ ನನ್ನ ತಮ್ಮನ ಹೆಂಡತಿ ತೀರಿಕೊಂಡಾಗ ಅವ ಇನ್ನೂ ಸಣ್ಣ ಕೂಸು. ನಾನ ಕರಕೊಂಡ ಬಂದು ಬೆಳಸಿದೆ. ತಾಟಿನ್ಯಾಗ ಹಾಲು ಅನ್ನ ಕಲಸಿ ಈರಣ್ಣನ ಬಾಯಿಗೊಂದು ತುತ್ತು, ಅವನ ಬಾಯಿಗೊಂದು ತುತ್ತು. ನನ್ನ "ಅತ್ತಿ" ಅಂತಿದ್ದ, ಗುಬ್ಬಿ ಅವನ್ನ "ಮಾಮಾ" ಅಂತಿದ್ಲು. ಓಣಿ ಮಂದಿಗೆಲ್ಲಾ ಬೇಕಾದವ. ಪಂಚಮಿಗೆ ಬೇವಿನ ಗಿಡಕ್ಕ ಜೋಕಾಲಿ ಕಟ್ಟಿ ಹುಡುಗ್ಯಾರನ್ನೆಲ್ಲಾ ತೂಗಾಂವ ಅವನ.

ಆ ವರ್ಷ ಶ್ರಾವಣದಾಗ ಮಳಿ ಅಂದ್ರ ಬರೇ ಜಿಟಿಜಿಟಿ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸೇ ಬೀಸತಿತ್ತು, ಬಿಸಲ ಬೀಳವಲ್ದು, ಓಣ್ಯಾಗ ಹಾಸು, ಅಂದ್ರ ಮಗ್ಗಕ್ಕ ಹಾಕೂ ಉದ್ದನ್ನ ನೂಲು, ಹಾಸಿ ಗಂಜಿ ಹಚ್ಚಾಕ ಆಗವಲ್ದು. ಪಂಚಮಿಗೆ ಅವ ಜೋಕಾಲಿ ಕಟ್ಟಿದ. ಓಣಿ ಹುಡುಗ್ಯಾರೆಲ್ಲಾ ಓಡಿ ಹೋದ್ರು. ಒಂಬತ್ತು ವರ್ಷದ ಗುಬ್ಬಿ ಕೈಯಾಗ ಶೇಂಗಾ ಉಂಡಿ ಹಿಡಕೊಂಡು ನನ್ನ ಸೆರಗಿನ ಹಿಂದ ನಿಂತಾಳ.

"ಯಾಕಲೇ, ಹೋದ ವರ್ಷ ಇಳಿ ಅಂದ್ರ ಇಳೀಲಾರದಾಕಿ?" ಅಂತ ಕೇಳಿದೆ.

"ಮಾಮಾ ತೂಗಿದ್ರ ನಾ ಒಲ್ಲೆ."

"ಭಾಳ ಎತ್ತರಕ್ಕ ತೂಗತಾನೇನ? ಅಂಜುಬುರುಕಿ."

ಅಕಿ ಮುಟಗಿ ಬಿಗಿ ಮಾಡಿದ್ಲು. ಉಂಡಿ ಪುಡಿ ಪುಡಿ ಆಗಿ ಕೆಳಗ ಬಿತ್ತು. ನಾ ಉಂಡಿ ಬಿದ್ದದ್ದಕ್ಕ ಬೈದೆ.

ಹಬ್ಬಾ ಮುಗದ ಮ್ಯಾಲೆ ಒಂದಿನಾ ಸ್ವಲ್ಪ ಬಿಸಲಾತು. ಈರಣ್ಣ ಜಲ್ದಿ ಜಲ್ದಿ ಹಾಸಿನ ನೂಲಿಗೆ ಗಂಜಿ ಹಚ್ಚಿ ಒಣಗಿಸಿ ತಂದ. ಅದು ಅವನ ಮಗ್ಗದ ಹಾಸು, ನನ್ನ ತಮ್ಮನ ಮಗಂದು. ಅವ ಸೀರಿ ಕೊಟ್ಟು ಬರಾಕ ಲಕ್ಷ್ಮೇಶ್ವರಕ್ಕ ಹೋಗಿದ್ದ. ಗಂಜಿ ವಾಸನಿ ಮನಿ ತುಂಬ ಇತ್ತು. ಹಳೇ ಹಾಸಿನ ತುದಿಗೆ ಹೊಸ ಹಾಸಿನ ತುದಿ ಜೋಡಸೂ ಕೆಲಸಾ ಮನ್ಯಾಗಿನ ಹೆಂಗಸರದು. ಅಚ್ಚು ಕೆಚ್ಚೂದು ಅಂತೇವಿ. ಕೈಬಟ್ಟಿಗೆ ಬೂದಿ ಹಚ್ಚಿಕೊಂಡು, ಹಳೇದೊಂದು ಎಳಿ ಹೊಸಾದೊಂದು ಎಳಿ ಕೂಡಿಸಿ ಹೊಸಿಬೇಕು. ಸಾವಿರಗಟ್ಟಲೆ ಎಳಿ. ಕುಂತ್ರ ನಡುವ ಏಳಬಾರ್ದು, ಎದ್ರ ಎಳಿ ಅದಲ ಬದಲಾಗಿ ಸೀರಿ ಕೆಡತೈತಿ. ನಮ್ಮತ್ತಿ ನನಗ ಹಂಗ ಕಲಿಸಿದ್ರು, ನಾ ಕಸ್ತೂರಿಗೆ ಕಲಿಸಿದೆ. ಬಾಗಲಕ್ಕ ಬೀಗರು ಬಂದ್ರೂ "ಕುಂಡ್ರಿ, ಬಂದೆ" ಅಂತಿದ್ವಿ ಹೊರತು ಏಳತಿದ್ದಿಲ್ಲ.

ಅವತ್ತು ಕಸ್ತೂರಿ ರೊಟ್ಟಿ ಮಾಡಾಕಹತ್ತಿದ್ಲು. ನಾನು ಈ ಕಡೆ, ಗುಬ್ಬಿ ಆ ಕಡೆ, ನಡುವ ನೂಲು. ಅಕಿ ಎಳಿ ಆರಿಸಿ ಕೊಡಾಕಿ, ನಾ ಹೊಸಿಯಾಕಿ. ಈ ಕೆಲಸದಾಗ ಕಣ್ಣು ಎಳಿ ಮ್ಯಾಲ ಇರಬೇಕು, ಒಬ್ಬರ ಮಾರಿ ಒಬ್ಬರು ನೋಡಾಕ ಆಗೂದಿಲ್ಲ. ಅದಕ್ಕ ಇರಬೇಕು, ಅಕಿಗೆ ಬಾಯಿ ಬಂತು.

"ಆಯಿ, ಒಂದು ಮಾತು ಹೇಳಿದ್ರ ಬೈತೀಯೇನ?"

"ಎಳಿ ಹರದೇನ?"

"ಇಲ್ಲ."

"ಮತ್ತ ಹೇಳು."

ಅಕಿ ಹೇಳಿದ್ಲು. ಏನು ಹೇಳಿದ್ಲು ಅಂತ ನಾ ಬರಿಯೂದಿಲ್ಲ. ಆ ಮಾತು ಅಕಿದು, ಹೇಳಬೇಕಾದಲ್ಲಿ ಹೇಳ್ಯಾಳ. ಅಟ್ಟ ಅಂತ ಬಂತು, ಮಾಮಾ ಅಂತ ಬಂತು, ಉಗಾದಿಯಿಂದ ಅಂತ ಬಂತು. ಇಷ್ಟೆಲ್ಲಾ ಹೇಳೂಮುಂದ ಅಕಿ ಕೈ ನಿಂದರಲಿಲ್ಲ, ಒಂದೊಂದ ಎಳಿ ಆರಿಸಿ ನನ್ನ ಕೈಗೆ ಕೊಡತನ ಇದ್ಲು. ನನ್ನ ಕೈಬಟ್ಟಿನ್ಯಾಗ ಎಳಿ ಹಂಗ ಉಳೀತು.

"ಹೇಳಿದ್ರ ಆಯಿ ಸಾಯ್ತಾಳ ಅಂದಾನ. ಆಯಿ, ನೀ ಈಗ ಸಾಯ್ತೀಯೇನ?"

ಆವಾಗ ನಾ ತಲಿ ಎತ್ತಿ ಅಕಿ ಮಾರಿ ನೋಡಿದೆ. ಗುಬ್ಬಿ ಖರೆನ ಕಾಯಾಕಹತ್ತಿದ್ಲು, ನಾ ಸಾಯ್ತೇನೋ ಇಲ್ಲೋ ಅಂತ.

ಸಿಡ್ಲು ಬಡದ ಗಿಡ ನೋಡೀರೇನು, ನಿಂತಿರತೈತಿ, ಒಳಗ ಏನೂ ಇರೂದಿಲ್ಲ. ನಾ ಹಂಗ ಕುಂತಿದ್ದೆ. ಕಣ್ಣ ಮುಂದ ಗುಬ್ಬಿ ಇದ್ಲು, ಆದ್ರ ನನಗ ಕಂಡದ್ದು ಮುಂಡರಗಿ. ಸೋದರಮಾವನ ಮನಿ. ಸೂಟಿಗೆ ಹೋಗಿದ್ದೆ, ನನಗೂ ಎಂಟೋ ಒಂಬತ್ತೋ. ಮಾವನ ಗೆಳ್ಯಾ ಒಬ್ಬಾಂವ ಬರತಿದ್ದ, ಬೆಲ್ಲಾ ತರತಿದ್ದ, ಕಾಳು ತುಂಬೂ ಕ್ವಾಣಿಗೆ ಕರೀತಿದ್ದ. ಊರಿಗೆ ಬಂದು ನಮ್ಮವ್ವಗ ಹೇಳಿದೆ. ಅವ್ವ ರೊಟ್ಟಿ ಬಡಿಯಾಕಹತ್ತಿದ್ಲು. "ಸುಮ್ಮನಿರು" ಅಂದ್ಲು. ಅಷ್ಟ ಅಂದ್ಲು. ರೊಟ್ಟಿ ಬಡಿಯೂದು ನಿಂದರಿಸಲಿಲ್ಲ. ಆ ಸಪ್ಪಳ ನನ್ನ ಕಿವ್ಯಾಗ ಐವತ್ತು ವರ್ಷದಿಂದ ಐತಿ. ಅವ್ವನ್ನ ಬೈಯೂದಿಲ್ಲ ನಾ. ಅಕಿ ಅವ್ವನೂ ಅಕಿಗೆ ಹಂಗ ಹೇಳಿದ್ಲೋ ಏನೋ, ಯಾರು ಬಲ್ಲರು.

"ಇಲ್ಲವಾ" ಅಂದೆ. "ಆಯಿ ಸಾಯೂದಿಲ್ಲ. ನೋಡು, ಕುಂತೇನಿಲ್ಲ?"

ಹಂಗಂದು ಎದ್ದು ನಿಂತೆ. ಎಳಿ ಕೈಯಿಂದ ಜಾರಿ ಬಿದ್ವು.

"ಆಯಿ, ನಡುವ ಏಳಬಾರ್ದಲ್ಲ" ಅಂದ್ಲು ಗುಬ್ಬಿ, ಅಂಜಿಕೊಂಡು.

"ಇವತ್ತು ಏಳಬೇಕವಾ."

ಅಡಗಿ ಮನ್ಯಾಗ ಕಸ್ತೂರಿ ಕೈ ಹಿಡದು ಹೇಳಿದೆ. ನನ್ನ ಸೊಸಿ ಅಂದ್ರ ನನ್ನ ಎದುರಿಗೆ ಸೆರಗು ಜಾರಗೊಡದಾಕಿ, ಎತ್ತಿ ಮಾತಾಡದಾಕಿ. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗ ಸುಟ್ಟು ಹೊಗಿ ತುಂಬ್ತು, ಇಬ್ಬರಿಗೂ ತಗಿಬೇಕನ್ನೂದು ಹೊಳೀಲಿಲ್ಲ. ಆಮ್ಯಾಲೆ ಅಕಿ ಗುಬ್ಬಿನ್ನ ತೊಡಿ ಮ್ಯಾಲ ಕುಂದ್ರಿಸಿಕೊಂಡು, ಎಣ್ಣಿ ಹಚ್ಚಿ ಹೆಳಲ ಹಾಕಾಕ ಚಾಲೂ ಮಾಡಿದ್ಲು. ಮುಂಜಾನೆ ಹಾಕಿದ್ದ ಹೆಳಲ ಬಿಚ್ಚೂದು, ಮತ್ತ ಹಾಕೂದು, ಮತ್ತ ಬಿಚ್ಚೂದು. ಈರಣ್ಣ ತನ್ನ ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕುಂತಿದ್ದ. ಹೇಳಿದ ಮ್ಯಾಲೂ ಅಲ್ಲೇ ಕುಂತ. "ಯವ್ವಾ, ಮಂದಿ ಏನಂತಾರ" ಅಂದ.

ಕಸ್ತೂರಿ ಒಳಗಿಂದ ಅಂದ್ಲು, "ಮಂದಿ ಬಂದು ಅಟ್ಟ ಹತ್ತಿ ನೋಡಿದ್ರೇನು? ಅನುಭವಿಸಿದಾಕಿ ನನ್ನ ಮಗಳು."

ಸಂಜಿಮುಂದ ಅವ ಲಕ್ಷ್ಮೇಶ್ವರದಿಂದ ಬಂದ. ಕೈಯಾಗ ಒಂದು ಕಾಗದದ ಪೊಟ್ಣದಾಗ ಮಿರ್ಚಿ ಭಜಿ, ಎಂದಿನಂಗ. ನಾ ಹೊಸ್ತಿಲದಾಗ ನಿಂತಿದ್ದೆ.

"ಅತ್ತಿ, ಹಸಿವ್ಯಾಗೇತಿ, ನೀಡು ಜಲ್ದಿ."

"ನಿನಗ ಈ ಮನ್ಯಾಗಿನ ಊಟ ಮುಗೀತು."

ನಕ್ಕ. ಚ್ಯಾಷ್ಟಿ ಅಂತ ತಿಳಕೊಂಡ. ನಾ ಹಾದಿ ಬಿಡಲಿಲ್ಲ. ಆವಾಗ ಅವನ ಮಾರಿ ಬದಲಾತು.

"ಸಣ್ಣ ಹುಡುಗಿ ಏನರ ಅಂದ್ರ ನೀನೂ ಹಂಗ ನಂಬತೀಯೇನ ಅತ್ತಿ?"

ನಾ ಹುಡುಗಿ ಸುದ್ದಿನ ಎತ್ತಿದ್ದಿಲ್ಲ. ನನ್ನ ಹಿಂದ ನಿಂತಿದ್ದ ಈರಣ್ಣಗ ಅದು ಕೇಳಿಸಿತು. ಆಮ್ಯಾಲೆ ಏನಾತು ಅಂತ ನನಗ ಸರಿಯಾಗಿ ನೆನಪಿಲ್ಲ. ಅಂಗಳದಾಗ ಮಿರ್ಚಿ ಚೆಲ್ಲಿದ್ವು, ಅವ ಓಡಿದ್ದ, ಈರಣ್ಣ ಕಟ್ಟಿ ಮ್ಯಾಲ ತಲಿ ಇಟ್ಟು ಅಳಾಕಹತ್ತಿದ್ದ. ನನ್ನ ಮಗಾ ಅತ್ತದ್ದು ಅವರಪ್ಪ ಸತ್ತಾಗೊಮ್ಮೆ ನೋಡಿದ್ದೆ. ಮರುದಿನಾ ನಾವು ಏಳೂದರಾಗ ಅಟ್ಟದ ನಿಚ್ಚಣಿಕಿ ಕಡದು ತುಂಡು ಮಾಡಿ ಒಲಿ ಮುಂದ ಒಟ್ಟಿದ್ದ.

ಮುಂಜಾನೆ ಠಾಣೇಕ್ಕ ಹೋದ್ವಿ. ಜಲಮದಾಗ ಮೊದಲನೇ ಸಲ. ಸಾದಾ ಸೀರಿ ಉಟ್ಟ ಪೊಲೀಸ್ ಮೇಡಮ್ಮಾರು ಬಂದು ಗುಬ್ಬಿ ಬಾಜೂಕ ಕುಂತು ಮೆತ್ತಗ ಮಾತಾಡಿಸಿದ್ರು. ಗುಬ್ಬಿ ಸಾಕಾತು ಅಂದಾಗ ನಾ ಹೊರಗ ಕರಕೊಂಡ ಹೋಗಿ ಬಿಸ್ಕೀಟು ತಿನಿಸಾಕಹತ್ತಿದ್ದೆ. ಒಳಗ ಕಸ್ತೂರಿ ಒಬ್ಬಾಕಿನ. ಫಿರ್ಯಾದಿ ಬರಿಯೂಮುಂದ "ಮಗಳ ಹೆಸರೇನ್ರಿ?" ಅಂತ ಕೇಳ್ಯಾರ. ಹೆಂಗ ಹೇಳ್ಯಾಳು, ಅದು ಅತ್ತಿ ಹೆಸರು. "ಗುಬ್ಬಿ ಅಂತೇವ್ರಿ" ಅಂದಾಳ. ಅವರು ಗುಬ್ಬಿ ಅಂತ ಬರಕೊಂಡಾರ. ಮನಿಗೆ ಬಂದು ಹೇಳಿದಾಗ ನಾವಿಬ್ಬರೂ ಒಂದೀಟು ನಕ್ವಿ ಸೈತ. ಆ ದಿನದಾಗ ನಕ್ಕದ್ದು ಅದೊಂದ.

ಅವನ್ನ ಎರಡು ದಿನದಾಗ ಹಿಡದ್ರು. ಮೂರನೇ ದಿನಾ ನನ್ನ ತಮ್ಮ ಮುಳಗುಂದದಿಂದ ಬಂದ, ಜೋಡಿ ಇಬ್ಬರು ಹಿರೇರು. ನಮ್ಮ ಓಣಿ ಹಿರೇರೂ ಬಂದು ಕಟ್ಟಿ ಮ್ಯಾಲ ಕುಂತ್ರು. ಚಾ ಕೊಟ್ಟೆ. ಚಾ ಕೊಡಲಾರದ ಕಳಸಾಕ ಬರತೈತೇನು.

"ಮನ್ಯಾಗಿಂದು ಮನ್ಯಾಗ ಮುಗಿಸೋಣ್ರಿ ಯಕ್ಕಾ" ಅಂದ ಒಬ್ಬಾಂವ. "ಹುಡುಗಂದು ನಿಶ್ಚಯ ಆಗೇತಿ. ನಿಮ್ಮ ಹುಡುಗೀಗೂ ನಾಳೆ ಲಗ್ನ ಆಗೂದೈತಿ. ಹೆಸರು ಕೆಟ್ರ ಯಾರು ತೊಗೋತಾರ?"

"ಅಕಿಗೆ ಒಂಬತ್ತು ವರ್ಷರೀ" ಅಂದೆ. "ಅಕಿ ಲಗ್ನದ ಮಾತು ನಿಮಗ್ಯಾಕ ಬಂತು?"

ನನ್ನ ತಮ್ಮ ತಲಿ ಮ್ಯಾಲಿನ ಟೋಪಿಗಿ ತಗದು ನನ್ನ ಕಾಲಾಗ ಇಟ್ಟ. "ಅಕ್ಕಾ, ನಿನ್ನ ಕೈತುತ್ತು ಉಂಡು ಬೆಳದ ಹುಡುಗ ಅದು. ತಾಯಿ ಇಲ್ಲದ್ದು. ನೀನ ಜೈಲಿಗೆ ಕಳಸತೀಯೇನು?"

ಬೆನ್ನ ಮ್ಯಾಲ ಹೊತ್ತು ಆಡಿಸಿದ ತಮ್ಮ. ಅವನ ಟೋಪಿಗಿ ಎತ್ತಿ, ಧೂಳ ಝಾಡಿಸಿ, ಅವನ ಕೈಯಾಗ ಕೊಟ್ಟೆ. "ನನ್ನ ಕೈತುತ್ತು ಉಂಡವನ ಹಿಂಗ ಮಾಡ್ಯಾನ. ಅದಕ್ಕ ಕೋರ್ಟಿಗೆ ನಾನ ಹೋಗಬೇಕು" ಅಂದೆ.

"ಹಂಗಾರ ತವರಮನಿ ಬಾಗಲಾ ಮುಚ್ಚೇತಿ ಅಂತ ತಿಳಕೋ."

ತಿಳಕೊಂಡೆ. ಮರು ವರ್ಷ ಪಂಚಮಿಗೆ ತವರಿನ ಉಂಡಿ ಡಬ್ಬಿ ಬರಲಿಲ್ಲ. ಇಷ್ಟು ಮುದಿಕಿ ಆದ್ರೂ ಒಂದು ಪಂಚಮಿನೂ ತಪ್ಪಿದ್ದಿಲ್ಲ ಅದು.

ಆ ಚಳಿಗಾಲ ಭಾಳ ಉದ್ದ ಆತು. ನಳದ ಕಟ್ಟಿ ಮ್ಯಾಲ ನಾ ಹೋದ್ರ ಮಾತು ನಿಲ್ಲತಿದ್ವು. ಒಬ್ಬಾಕಿ ಕೊಡ ತುಂಬಕೋತ, ನನಗ ಕೇಳಿಸೂಹಂಗ, "ಹೆಣ್ಣಹುಡುಗ್ಯಾರನ್ನ ಅಟ್ಟದ ಮ್ಯಾಲ ಯಾಕ ಬಿಡಬೇಕಂತೇನಿ" ಅಂದ್ಲು. ಕಸ್ತೂರಿ ಜೋಡಿ ಇದ್ಲು. "ಅಟ್ಟದ ಮ್ಯಾಲ ಅಕಿ ಕುಂಟಬಿಲ್ಲೆ ಕಲ್ಲು ಇಟ್ಟಿದ್ಲವಾ, ತರಾಕ ಹೋಗಿದ್ಲು. ನಿನ್ನ ಮಗಳ ಕಲ್ಲು ಎಲ್ಲಿಡತಾಳ ನೋಡಿಕೋ" ಅಂದು ಕೊಡ ಎತ್ತಿಕೊಂಡು ಬಂದ್ಲು. ನಾ ಹಾದಿ ತುಂಬ ಅಕಿ ಮಾರಿ ನೋಡಕೋತ ಬಂದೆ. ಹತ್ತು ವರ್ಷದಿಂದ ಮನ್ಯಾಗಿದ್ದಾಕಿ, ಇಂಥಾ ಬಾಯಿ ಎಲ್ಲಿ ಇಟ್ಟಿದ್ಲೋ.

ಅವನ ಮಗ್ಗದಾಗ ಯಾರೂ ಕುಂಡರಲಿಲ್ಲ. ಅರ್ಧ ಕೆಚ್ಚಿದ ಹಾಸು ಹಂಗ ಇತ್ತು, ಧೂಳ ಹತ್ತಿ ಬಣ್ಣ ಮಾಸಿತ್ತು. ಕಸಾ ಹೊಡಿಯೂಮುಂದ ನಾ ಆ ಕಡೆ ನೋಡತಿದ್ದಿಲ್ಲ. ಗುಬ್ಬಿ ನಿದ್ದ್ಯಾಗ ಬೆಚ್ಚತಿದ್ಲು. ಎಚ್ಚರಾದ್ರ ಒಂದ ಮಾತು, "ಆಯಿ, ಇದ್ದೀಯೇನ?" ಇದ್ದೇನವಾ ಅಂತಿದ್ದೆ. ಮತ್ತ ಮಲಗತಿದ್ಲು.

ಬ್ಯಾಸಗ್ಯಾಗ ಗದಗ ಕೋರ್ಟಿನ್ಯಾಗ ಕೇಸು ಚಾಲೂ ಆತು. ಪೋಕ್ಸೊ ಅಂತಾರದಕ್ಕ. ಬಾಗಲಾ ಹಾಕಿ ನಡಸತಾರ, ಹೊರಗಿನವರಿಗೆ ಬಿಡೂದಿಲ್ಲ. ಗುಬ್ಬಿಗೆ ಅವನ ಮಾರಿ ಕಾಣಸದಂಗ ನಡುವ ಪಡದೆ ಕಟ್ಟಿದ್ರಂತ, ಬಾಜೂಕ ಮಕ್ಕಳ ಇಲಾಖಿದೊಬ್ಬಾಕಿ ಅಕ್ಕೋರು ಕುಂತಿದ್ರಂತ. ನಾವು ಹೊರಗ ಬೇವಿನ ಗಿಡದ ಕೆಳಗ. ಈರಣ್ಣ ಒಂದು ಕಡ್ಡಿ ಹಿಡದು ನೆಲಾ ಗೀರಿ ಗೀರಿ ತೆಗ್ಗ ಮಾಡಿದ್ದ. ಭಾಳ ಹೊತ್ತಾದ ಮ್ಯಾಲೆ ಗುಬ್ಬಿ ಬಂದ್ಲು.

"ಹೇಳಿದೆ ಆಯಿ."

"ಎಲ್ಲಾ?"

"ಹ್ಞೂಂ. ನಡುವ ಬಾಯಿ ಒಣಗ್ತು. ಜಡ್ಜ್ ಮೇಡಮ್ಮಾರು ನೀರ ಬೇಕೇನು ಅಂದ್ರು. ಕುಡದು ಮತ್ತ ಹೇಳಿದೆ." ಆಮ್ಯಾಲೆ ನನ್ನ ಸೆರಗು ಜಗ್ಗಿ, "ಐಸ್‌ಕ್ಯಾಂಡಿ ಕೊಡಸ್ತೇನಿ ಅಂದಿದ್ದಿ" ಅಂದ್ಲು.

ಕೆಂಪನ್ನ ಐಸ್‌ಕ್ಯಾಂಡಿ ತಿನಕೋತ ಅಕಿ ನಡುವ ನಡುವ ನಾಲಿಗಿ ಹೊರಗ ಚಾಚಿ ಕೆಂಪಾಗೇತೇನು ಅಂತ ಕೇಳತಿದ್ಲು. ಅಷ್ಟು ದೊಡ್ಡ ಕೋರ್ಟು, ಅಷ್ಟು ದೊಡ್ಡ ಮಂದಿ. ಇಷ್ಟ ಇಷ್ಟು ಹುಡುಗಿ ಹೇಳೂದನ್ನ ಅವರೆಲ್ಲಾ ಸುಮ್ಮನ ಕುಂತು ಕೇಳ್ಯಾರ, ನೀರು ಕೊಟ್ಟು ಕೇಳ್ಯಾರ. ನನಗ ನಂಬಿಕಿ ಬರವಲ್ದಾತು. ಹುಡುಗಿ ಮಾತು ಕೇಳತಾರ ಅಂತ ನನಗ ಯಾರೂ ಹೇಳಿದ್ದಿಲ್ಲ.

ಮುಂದಿನ ತಾರೀಖಿಗೆ ನನ್ನ ಸಾಕ್ಷಿ. ಕಟಕಟ್ಯಾಗ ನಿಂತೆ. ಅವನ ಕಡೆ ನೋಡಬಾರದಂತ ಮಾಡಿದ್ದೆ, ನೋಡಿದೆ. ಸೊರಗಿದ್ದ. ಅವನ ವಕೀಲರು ಭಾಳ ಚಂದ ಮಾತಾಡವರು, ಬೈಯೂದಿಲ್ಲ, ಒದರೂದಿಲ್ಲ.

"ಅಮ್ಮಾರ, ನೀವ ಸಾಕಿ ಸಲುಹಿದ ಹುಡುಗ ಹೌದಿಲ್ರಿ?"

"ಹೌದ್ರಿ."

"ಅವನ ಮ್ಯಾಲ ಅದಕ್ಕೂ ಮೊದಲ ಒಂದು ತಕರಾರು ಇತ್ತೇನ್ರಿ?"

"ಇದ್ದಿಲ್ರಿ."

"ಮತ್ತ, ಇಷ್ಟು ವರ್ಷ ಸಾಕಿದವನ್ನ ಬಿಟ್ಟು ಒಂಬತ್ತು ವರ್ಷದ ಹುಡುಗಿ ಒಂದು ಮಾತು ಅಂದದ್ದಕ್ಕ ನೀವು ಕುಂತಲ್ಲಿಂದ ಎದ್ದು ಬಿಟ್ರಿ. ಒಂದು ಮಾತಿಗೆ. ತಿರುಗಿ ಸೈತ ಕೇಳಲಿಲ್ಲ. ಯಾಕ್ರಿ?"

ಏನು ಹೇಳಬೇಕಂತ ಸರಕಾರಿ ವಕೀಲರು ನನಗ ತಿಳಿಸಿ ಹೇಳಿದ್ರು: ಕೇಳಿದ್ದಕ್ಕಷ್ಟ ಹೇಳ್ರಿ, ಗೊತ್ತಿದ್ದದ್ದಷ್ಟ ಹೇಳ್ರಿ. ನನಗ ಗೊತ್ತಿದ್ದದ್ದು ಅದ ಇತ್ತು.

"ನಾ ಅಕಿ ವಯಸ್ಸಿನ್ಯಾಗ ಹೇಳಿದಾಗ ಯಾರೂ ಏಳಲಿಲ್ರಿ."

ಆ ದನಿ ನಂದು ಅಂತ ನನಗ ಗುರ್ತ ಹತ್ತಲಿಲ್ಲ. ವಕೀಲರು ಕೈಯಾಗಿನ ಕಾಗದಾ ತಿರುವಿ ಹಾಕಿದ್ರು, ಅದರಾಗ ಇದಕ್ಕ ಪ್ರಶ್ನೆ ಇದ್ದಿಲ್ಲ ಅಂತ ಕಾಣತೈತಿ. ಜಡ್ಜ್ ಮೇಡಮ್ಮಾರು ಬರಿಯೂದು ಬಿಟ್ಟು ನನ್ನ ನೋಡಿದ್ರು. "ಕುಂಡ್ರಿ ಅಮ್ಮಾ, ಕುರ್ಚಿ ಕೊಡ್ರಿ ಅವರಿಗೆ" ಅಂದ್ರು. ಕುಂತೆ. ಗಂಡಗ ಹೇಳಲಾರದ್ದು, ಮಗಗ ಹೇಳಲಾರದ್ದು, ಕರೇ ಕೋಟಿನವರ ಮುಂದ ಹೇಳಿ ಬಿಟ್ಟೆ.

ತಿರುಗಿ ಬರೂಮುಂದ ಟಂಟಂದಾಗ ಕಸ್ತೂರಿ ಬಾಜೂಕ ಕುಂತಿದ್ಲು. "ಒಳಗ ಏನು ಕೇಳಿದ್ರ್ಯತ್ತಿ?" ಅಂದ್ಲು. ಅಕಿಗೂ ಹೇಳಿದೆ, ಮುಂಡರಗಿಯಿಂದ ಹಿಡದು ನಮ್ಮವ್ವನ ರೊಟ್ಟಿ ಮಟ. ಗದ್ದಲದಾಗ ಅಕಿಗೆ ಎಷ್ಟು ಕೇಳಿಸಿತೋ. ಸೆರಗಿನ ಕೆಳಗ ನನ್ನ ಕೈ ಹುಡುಕಿ ಹಿಡಕೊಂಡ್ಲು, ಬೆಟಗೇರಿ ಬರೂಮಟ ಬಿಡಲಿಲ್ಲ.

ಅದರ ಮುಂದಿನ ತಾರೀಖಿಗೆ ಅಕಿ ಸಾಕ್ಷಿ. ನಂದು ಮುಗದಿತ್ತಂತ ಜಡ್ಜ್ ಮೇಡಮ್ಮಾರು ನನ್ನ ಹಿಂದ ಕುಂಡರಾಕ ಬಿಟ್ರು. ಅವತ್ತು ಆ ಚಂದ ಮಾತಿನ ವಕೀಲರು ಹೊಸಾದೊಂದು ತಗದ್ರು.

"ಸ್ವಾಮಿ, ಫಿರ್ಯಾದ್ಯಾಗ ಇರೂ ಹುಡುಗಿ ಗುಬ್ಬಿ. ವಯಸ್ಸಿಗೆ ಅಂತ ಹಾಜರ ಮಾಡಿದ ಶಾಲಿ ದಾಖಲಾದಾಗ ಗುಬ್ಬಿ ಅನ್ನಾಕಿ ಇಲ್ಲ, ಬ್ಯಾರೇ ಹೆಸರೈತಿ. ರೇಷನ್ ಕಾರ್ಡಿನ್ಯಾಗ ಆ ಹೆಸರಿನವರು ಇಬ್ಬರದಾರ, ಒಬ್ಬಾಕಿ ಮುದುಕಿ. ಹಡದ ತಾಯಿಗೆ ಮಗಳ ಹೆಸರು ಗೊತ್ತಿಲ್ಲ ಅಂದ್ರ ಈ ಫಿರ್ಯಾದಿ ಯಾರೋ ಹೇಳಿ ಕೊಟ್ಟು ಬರಸಿದ್ದು." ಹಂಗಂದು ಕಸ್ತೂರಿ ಕಡೆ ತಿರುಗಿದ್ರು. "ಯಾಕ್ರಿ ತಂಗಿ, ನಿಮ್ಮ ಮಗಳ ಹೆಸರು ಠಾಣೇದಾಗ ಯಾಕ ಹೇಳಲಿಲ್ಲ?"

ನಾವು ನಕ್ಕು ಮರತ ಮಾತು ಅದು. ಒಂದು ವರ್ಷ ಆ ಕೂಸು ಎದಿ ಗಟ್ಟಿ ಮಾಡಿ ನಿಂತದ್ದು, ಪಡದೆ ಹಿಂದ ಕುಂತು ನೀರು ಕುಡದು ಹೇಳಿದ್ದು, ಎಲ್ಲಾ ಈ ನಮ್ಮ ಪದ್ಧತಿ ಸಲುವಾಗಿ ನೀರಾಗ ಹೋತಲ್ಲಪಾ ಅನಿಸ್ತು. ಸರಕಾರಿ ವಕೀಲರು ಎದ್ದು ಏನೋ ಹೇಳಾಕ ಹೋದ್ರು. ಜಡ್ಜ್ ಮೇಡಮ್ಮಾರು ಕೈ ಎತ್ತಿ, "ತಾಯಿನ ಹೇಳಲಿ" ಅಂದ್ರು.

ಕಸ್ತೂರಿ ಸೆರಗಿನ ಚುಂಗು ತಿರುವಿದ್ಲು. ಆಮ್ಯಾಲೆ ತಿರುಗಿ, ಅಷ್ಟು ಮಂದಿ ನಡುವ, ನನ್ನ ನೋಡಿದ್ಲು. ನನ್ನ ಅಪ್ಪಣಿ ಕೇಳಾಕಹತ್ತಾಳ ಅಂತ ತಿಳೀತು. ನಾ ಗೋಣು ಹಾಕಿದೆ. ಹೇಳವಾ, ಗಟ್ಟಿಯಾಗಿ ಹೇಳು, ಅಂತ ಕಣ್ಣಿಲೆ ಅಂದೆ.

ಅಕಿ ಹೆಸರು ಹೇಳಿದ್ಲು. ಮೊದಲ ಸಲಾ ದನಿ ಬರಲಿಲ್ಲ, ಎರಡನೇ ಸಲಾ ಗೋಡಿಗೆ ಬಡದು ತಿರುಗಿ ಬರೂಹಂಗ ಹೇಳಿದ್ಲು.

"ಅದು ನಮ್ಮತ್ತಿ ಹೆಸರ್ರಿ ಸಾಹೇಬ್ರ. ಅತ್ತಿ ಹೆಸರು ನಾವು ಹಿಡಿಯೂದಿಲ್ಲ. ಅದಕ್ಕ ಮನ್ಯಾಗ ಗುಬ್ಬಿ ಅಂತೇನಿ, ಅದಕ್ಕ ಠಾಣೇದಾಗ ಗುಬ್ಬಿ ಅಂದೆ. ನನ್ನ ಮಗಳ ಹೆಸರು ನನಗ ಗೊತ್ತಿಲ್ಲ ಅನಬ್ಯಾಡ್ರಿ. ಲಗ್ನಾಗಿ ಬಂದಾಗಿಂದ ಹನ್ನೊಂದು ವರ್ಷ ಈ ಹೆಸರು ನಾಲಿಗಿ ತುದಿಗೆ ಹಿಡಕೊಂಡು ಬಂದೇನಿ. ಇವತ್ತು ಇಬ್ಬರ ಸಲುವಾಗಿ ಹೇಳಾಕಹತ್ತೇನ್ರಿ, ಮಗಳ ಸಲುವಾಗಿ, ಅಲ್ಲಿ ಕುಂತಾರಲ್ಲ, ಅವರ ಸಲುವಾಗಿ."

ಜಡ್ಜ್ ಮೇಡಮ್ಮಾರು ನಮ್ಮ ಕಡೆ ಊರಿನವರೋ ಏನೋ, ಒಂದೀಟು ಗೋಣು ಹಾಕಿ ಬರಕೊಂಡ್ರು. ಚಂದ ಮಾತಿನ ವಕೀಲರು ಕುಂತ್ರು. ಅವರ ಮನ್ಯಾಗೂ ಸೊಸಿ ಇದ್ದಾಳು, ಅವರ ಅವ್ವನ ಹೆಸರು ಹಿಡದಿರಲಿಕ್ಕ ಇಲ್ಲ.

ಹೊರಗ ಬಂದದ್ದ ತಡ ಕಸ್ತೂರಿ ಬಗ್ಗಿ ನನ್ನ ಪಾದಾ ಮುಟ್ಟಿದ್ಲು. "ತಪ್ಪಾತ್ರ್ಯತ್ತಿ."

"ಇನ್ನೊಮ್ಮೆ ಅನ್ನು" ಅಂದೆ.

"ಏನ್ರಿ?"

"ನನ್ನ ಹೆಸರು. ನಮ್ಮವ್ವ ಸತ್ತ ಮ್ಯಾಲೆ ಹೆಸರು ಹಿಡದು ಕರಿಯವರ ಇಲ್ಲ ನನಗ. ಕೇಳಬೇಕನಸ್ತೈತಿ."

"ಹೋಗ್ರ್ಯತ್ತಿ" ಅಂತ ಸೆರಗು ಬಾಯಿಗೆ ಹಚ್ಚಿಕೊಂಡ್ಲು. ನಕ್ಲೋ ಅತ್ಲೋ, ಎರಡೂ ಕೂಡೇ ಬಂದ್ವು ಅಕಿಗೆ. ನನಗೂ.

ಮತ್ತ ಶ್ರಾವಣ ಬಂತು. ತೀರ್ಪಿನ ದಿನಾ ಜಿಟಿಜಿಟಿ ಮಳಿ. ತಪ್ಪು ಸಾಬೀತಾಗೇತಿ ಅಂತ ಜಡ್ಜ್ ಮೇಡಮ್ಮಾರು ಓದಿದ್ರು. ಎಷ್ಟು ವರ್ಷ ಅಂದ್ರು ಅಂತ ನನಗ ಕೇಳಿಸಲಿಲ್ಲ, ಆಮ್ಯಾಲೆ ಈರಣ್ಣ ಹೇಳಿದ. ಅವನ್ನ ಕರಕೊಂಡ ಹೋಗೂಮುಂದ ನನ್ನ ಕಡೆ ತಿರುಗಿ "ಅತ್ತಿ" ಅಂದ. ಸಣ್ಣಾಂವಿದ್ದಾಗ ಹಸದು ಬಂದು ಅಂತಿದ್ನಲ್ಲ, ಅದ ದನಿ. ನನ್ನ ಕೈ ಒಮ್ಮೆ ಮುಂದಾತು, ನಾನ ಅದನ್ನ ಹಿಡದು ಮಡಚಿಕೊಂಡೆ. ಗೆದ್ವಿ ಅಂತ ಕುಣೀತೇನಿ ಅಂದಕೊಂಡಿದ್ದೆ, ಅವತ್ತು ಹಂಗೇನೂ ಆಗಲಿಲ್ಲ. ಹಿಗ್ಗು ಬಂದದ್ದು ಮರುದಿನಾ ಮುಂಜಾನೆ. ಎದ್ದು ನೋಡತೇನಿ, ಹೊತ್ತು ಏರೇತಿ, ಗುಬ್ಬಿ ಇನ್ನೂ ಮಲಗ್ಯಾಳ. ರಾತ್ರಿ ಒಮ್ಮೆನೂ ಎದ್ದು "ಆಯಿ, ಇದ್ದೀಯೇನ" ಅಂದಿದ್ದಿಲ್ಲ.

ಆ ಪಂಚಮಿಗೆ ಜೋಕಾಲಿ ಈರಣ್ಣ ಕಟ್ಟಿದ. ಕಸ್ತೂರಿ ಉಂಡಿ ಕಟ್ಟಿ ಡಬ್ಬಿ ತುಂಬಿ ನನ್ನ ಮುಂದಿಟ್ಟು, "ತವರಿಂದ ಬಂದಾವಂತ ತಿಳೀರಿ" ಅಂದ್ಲು. ಹಬ್ಬದ ಮರುದಿನಾ ಗುಬ್ಬಿ ಆ ಮಗ್ಗದ ಮುಂದ ನಿಂತು, "ಆಯಿ, ಎಲ್ಲಿಗೆ ಬಿಟ್ಟಿದ್ವಿ?" ಅಂದ್ಲು. ಧೂಳ ಕೊಡವಿ ಇಬ್ಬರೂ ಕುಂತ್ವಿ. ಗಂಜಿ ಒಣಗಿ ಎಳಿ ಪಟಪಟ ಹರೀತಿದ್ವು, ಗಂಟು ಹಾಕಿ ಹಾಕಿ ಮುಂದ ಹೋದ್ವಿ. ಅದರಾಗ ಕಸ್ತೂರಿ ನೇಯೂದು ಕಲ್ತ್ಲು. ಮೊದಲನೇ ಸೀರಿ ತುಂಬ ಗಂಟ, ಯಾರೂ ತೊಗೋಲಿಲ್ಲ. ನಾನ ಉಟ್ಟೆ. ಈಗೂ ಉಟ್ಟೇನಿ.

ಇಷ್ಟು ಬರದು ನಿನ್ನೆ ಸಂಜಿಮುಂದ ಗುಬ್ಬಿ ಕೈಯಾಗ ಕೊಟ್ಟೆ. ಈಗ ಕಾಲೇಜಿಗೆ ಹೋಗತಾಳ, ನನಕಿಂತ ಗೇಣು ಎತ್ತರ ಆಗ್ಯಾಳ. ಕಟ್ಟಿ ಮ್ಯಾಲ ಕಾಲು ಚಾಚಿ ಪೂರಾ ಓದಿದ್ಲು. ನಾ ಅಕಿ ಮಾರಿನ ನೋಡಕೋತ ಕುಂತಿದ್ದೆ.

"ಎಲ್ಲಾ ಬರದೀದಿ ಆಯಿ. ನನ್ನ ಹೆಸರೆಲ್ಲಿ?"

"ಕಾಯ್ದೆ ಐತಿಲ್ಲೇ ಹುಚ್ಚಿ."

"ನನಗ ಹದಿನೆಂಟ ಆತು. ನಾನ ಬರೀರಿ ಅಂದ್ರ ಬರಿಯಾಕ ಬರತೈತಿ, ವಕೀಲರನ್ನ ಕೇಳೇನಿ. ನನ್ನ ಕೈಲೆ ಬರದು ಸಹಿ ಮಾಡಿ ಕೊಡತೇನಿ."

"ಮಂದಿ..." ಅಂದೆ ನಾ. ನನ್ನ ಬಾಯಾಗೂ ಅದ ಮಾತು ಬಂತು ನೋಡ್ರಿ.

"ಹೆಸರು ಮುಚ್ಚಿಕೊಂಡು ಅಡ್ಡಾಡಬೇಕಾದಾಂವ ಅವ, ನಾನಲ್ಲ. ನೀನೂ ಅಲ್ಲ."

ನಾ ಪೆನ್ನಿನ ಮುಚ್ಚಳಾ ತಗದೆ, ಮತ್ತ ಹಾಕಿದೆ. ಕತ್ತಲ ಆಗಾಕಹತ್ತಿತ್ತು. ಅಷ್ಟರಾಗ ಒಳಗ ಕಸ್ತೂರಿ ರೊಟ್ಟಿ ಬಡಿಯೂ ಸಪ್ಪಳ ನಿಂತತು. ಅಕಿ ಆ ಹೆಸರು ಕೋರ್ಟಿನ್ಯಾಗ ಅಂದದ್ದ ಒಮ್ಮೆ, ಅದಾದ ಮ್ಯಾಲೆ ಎಂಟು ವರ್ಷ ಅಂದದ್ದಿಲ್ಲ. ನಾವು ಮಾತಾಡಿದ್ದು ಕೇಳಿಸಿಕೊಂಡಿದ್ಲೋ ಏನೋ, ಓಣಿ ತುಂಬ ಕೇಳೂಹಂಗ ಕರದ್ಲು.

"ಶಿವಗಂಗಾ, ಊಟಕ್ಕ ಬಾ."

"ಓ" ಅಂದ್ವಿ, ಇಬ್ಬರೂ.